ರಕ್ತಪರೀಕ್ಷೆಯ ಮಿತಿಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ಲ್ಯಾಬಿನವರು ಚೀಟಿ ಅಂಟಿಸಿದ್ದಾರೆ. ಒಂದೇ ಸಲ ರಕ್ತ ಕೊಟ್ಟರೆ ಹತ್ತಾರು ಕ್ಯಾನ್ಸರ್ ಮೊದಲೇ ಪತ್ತೆಯಂತೆ. ಕೆಳಗೆ ಸಾವಿರಗಟ್ಟಲೆ ದರ, ಅದರ ಮೇಲೆ ಹಬ್ಬದ ರಿಯಾಯಿತಿ. ಪರೀಕ್ಷೆ ಎಷ್ಟು ಸಲ ತಪ್ಪಬಹುದು ಅಂತ ಒಂದು ಸಾಲೂ ಇಲ್ಲ.

ಪರೀಕ್ಷೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಹುಡುಕುತ್ತಾರೆ. ಆದರೆ ಗಡ್ಡೆ ಸಣ್ಣದಿದ್ದಾಗ ಚೂರುಗಳೂ ಕಡಿಮೆ, ಅಲ್ವಾ? ಅಮೆರಿಕದ ಗ್ಯಾಲೆರಿ ಎಂಬ ಇಂಥದ್ದೇ ರಕ್ತಪರೀಕ್ಷೆಯ 2021ರ ಅಧ್ಯಯನದಲ್ಲಿ ಮೊದಲ ಹಂತದ ಕ್ಯಾನ್ಸರ್ ಸಿಕ್ಕಿದ್ದು ಶೇ 17ರಷ್ಟು ಮಾತ್ರ. ಅದೇ ಪರೀಕ್ಷೆಯ ಬಗ್ಗೆ 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, 50 ದಾಟಿದ 6,600ಕ್ಕೂ ಹೆಚ್ಚು ಜನರ ಪೈಕಿ 92 ಮಂದಿಗೆ ಕ್ಯಾನ್ಸರ್ ಇರಬಹುದೆಂಬ ಸುಳಿವು ಬಂತು, ಅದರಲ್ಲಿ ಕ್ಯಾನ್ಸರ್ ಖಚಿತವಾದದ್ದು 35 ಜನರಿಗೆ, ಉಳಿದ 57 ಮಂದಿ ಸುಮ್ನೆ ಹೆದರಿ ಮತ್ತೆ ಮತ್ತೆ ತಪಾಸಣೆಗೆ ಓಡಾಡಬೇಕಾಯಿತು. ಪರೀಕ್ಷೆಯಲ್ಲಿ ಸುಳಿವೇ ಬಾರದ 86 ಮಂದಿಗೆ ಒಂದು ವರ್ಷದೊಳಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ರಿಪೋರ್ಟ್ ನಾರ್ಮಲ್ ಅಂದಕೂಡಲೇ ಎದೆಯ ಗಂಟನ್ನೋ, ವಾಸಿಯಾಗದ ಬಾಯಿಹುಣ್ಣನ್ನೋ ಜನ ಕಡೆಗಣಿಸಿಬಿಟ್ಟರೆ? ನನಗೆ ಜಾಸ್ತಿ ಹೆದರಿಕೆ ಇದರದ್ದೇ.

ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ನಮ್ಮ ಊರಿಗೆ ಹೊಸತಲ್ಲ. ಬಾಯಿಯನ್ನು ಟಾರ್ಚ್ ಹಾಕಿ ನೋಡಿದರೇ ಎಷ್ಟೋ ಗೊತ್ತಾಗುತ್ತದೆ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಲಿಫ್ಟ್ ಪಕ್ಕ ಆ ತಪಾಸಣೆಯ ಚೀಟಿಯನ್ನೂ ಅಂಟಿಸಲಿ. ತಪ್ಪು ಫಲಿತಾಂಶದ ಲೆಕ್ಕ ಮುದ್ರಿಸದ ಇಂಥ ಜಾಹೀರಾತುಗಳನ್ನು ಜಿಲ್ಲಾ ಆರೋಗ್ಯ ಇಲಾಖೆ ತಡೆಯಬೇಕು.

— ಒಬ್ಬ ಓದುಗ, ಮಂಗಳೂರು