ಥೆರಪಿ ಬಾಲ್ ಕೊಟ್ಟರೆ ಸಾಲದು, ಹಿಡಿಯುವುದನ್ನೂ ಕಲಿಸಿ

ಮಾನ್ಯರೇ,

ವಿಶೇಷ ಮಕ್ಕಳಿಗೆಂದು ಇರುವ ಒಂದು ಸಂಪನ್ಮೂಲ ಕೊಠಡಿಗೆ ಈಚೆಗೆ ಹೋಗಿದ್ದೆ. ಮೂಲೆಯಲ್ಲಿ ಥೆರಪಿ ಬಾಲ್, ಅಂದರೆ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಗಾಳಿ ತುಂಬಿದ ದೊಡ್ಡ ಚೆಂಡು, ಗಾಳಿ ಇಳಿದು ಬಿದ್ದಿತ್ತು. ಇರುವುದು ಅದೊಂದೇ, ಅದೂ 75 ಸೆಂಟಿಮೀಟರಿನದು. ದೊಡ್ಡವರ ಅಳತೆ. ನಾಲ್ಕು ವರ್ಷದ ಮಗುವನ್ನು ಕೂರಿಸಿದರೆ ಕಾಲು ನೆಲಕ್ಕೇ ಎಟುಕುವುದಿಲ್ಲ. ಪಾದ ಊರಿ ಕೂತರೆ ತಾನೇ ಸೊಂಟ ನಿಲ್ಲುವುದು?

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗುವುದಿಲ್ಲ. ಕಾಲು ಸೆಟೆದುಕೊಳ್ಳುತ್ತವೆ, ಕತ್ತು ಬೇಗ ಸೋಲುತ್ತದೆ. ಬಾಲ್ ಮನೆಗೆ ತಂದಾಗ ನಮ್ಮತ್ತೆ ಆಟದ ಸಾಮಾನು ಅಂದುಕೊಂಡಿದ್ದರು. ಫಿಸಿಯೋ ಮೇಡಂ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. "ಕೈ ಹಿಡಿದು ಎಳೀಬೇಡಿ, ತೊಡೆ ಹಿಡ್ಕೊಳ್ಳಿ" ಅಂದರು. ಮಗನನ್ನು ಬಾಲ್ ಮೇಲೆ ಬೋರಲು ಮಲಗಿಸಿ ನಿಧಾನ ಮುಂದಕ್ಕೆ ಉರುಳಿಸಿದರೆ ಅವನೇ ಎರಡೂ ಅಂಗೈ ಚಾಪೆಗೆ ಊರುತ್ತಾನೆ. ಎದುರಿಗೆ ತಟ್ಟೆಯಲ್ಲಿ ಬಣ್ಣದ ಬಳೆ ಇಟ್ಟರೆ ಕತ್ತೆತ್ತಿ ನೋಡುತ್ತಾನೆ, ಒಂದು ಕೈ ಚಾಚುತ್ತಾನೆ. ಹೀಗೆ ಭಾರ ಹೊತ್ತು ಭುಜ ಗಟ್ಟಿಯಾದರೆ ಮುಂದೆ ಚಮಚ, ಪೆನ್ಸಿಲ್ ಹಿಡಿಯುವುದು ಸುಲಭ.

ಇನ್ನೊಂದು ಮುಖ್ಯ ವಿಷಯ. ನಿಧಾನ ತೂಗಿದರೆ ನನ್ನ ಮಗನ ಬಿಗಿದ ಮೈ ಸಡಿಲವಾಗುತ್ತದೆ. ಜೋರಾಗಿ ಪುಟಿಸಿದರೆ ಇನ್ನೂ ಸೆಟೆಯುತ್ತದೆ. ಆದರೆ ಮೈ ಮೆತ್ತಗಿದ್ದು ಸದಾ ತೂಕಡಿಸುವ ಮಗುವಿಗೆ ಅದೇ ಪುಟಿತ ಬೇಕಾಗಬಹುದು. ಊಟ ಆದ ಕೂಡಲೇ ಬೇಡ. ಫಿಟ್ಸ್ ಬರುವ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಇದನ್ನೆಲ್ಲ ಹೇಳದೆ ಸುಮ್ನೆ ಬಾಲ್ ಕೈಗಿಟ್ಟರೆ ತಾಯಂದಿರು ಏನು ಮಾಡಬೇಕು?

ವಿಶೇಷ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳಿಗೆ ಓಡಾಡುವ ಬಿಐಇಆರ್‌ಟಿ ಶಿಕ್ಷಕರನ್ನು ದೂರುತ್ತಿಲ್ಲ. ಒಬ್ಬೊಬ್ಬರ ಮೇಲೆ ಎಷ್ಟೋ ಶಾಲೆಗಳ ಹೊರೆ ಇದೆ. ಸಾಕಷ್ಟು ಸಂಪನ್ಮೂಲ ಕೇಂದ್ರಗಳು ಇರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಕೇಂದ್ರ ಇದ್ದ ಮೇಲೆ ಅದು ಕೆಲಸಕ್ಕೂ ಬರಬೇಕು, ಅಲ್ವಾ?

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟು. 45 ಮತ್ತು 55 ಸೆಂಟಿಮೀಟರಿನ, ಚುಚ್ಚಿದರೂ ಪಟ್ಟನೆ ಒಡೆಯದ ಬಾಲ್ ಕೊಡಿಸಿ. ಕಡಲೆಕಾಯಿ ಆಕಾರದ್ದೂ ಒಂದಿರಲಿ, ಅದು ಅಕ್ಕಪಕ್ಕ ಜಾಸ್ತಿ ಉರುಳುವುದಿಲ್ಲ. ಜೊತೆಗೊಂದು ಪಂಪ್ ಇರಲಿ. ಗೃಹಾಧಾರಿತ ಶಿಕ್ಷಣದಲ್ಲಿರುವ ಮಕ್ಕಳ ಮನೆಗೆ ಬಾಲ್ ಕಡ ಕೊಡಿ. ಫಿಸಿಯೋ ಬರುವ ದಿನ ನಿಗದಿಯಾಗಲಿ, ಅವತ್ತು ತಾಯಂದಿರ ಕೈಯಲ್ಲೇ ಮಾಡಿಸಲಿ. ಆ ದಿನಾಂಕ ಅಂಗನವಾಡಿಯಲ್ಲಿ ಮೊದಲೇ ತಿಳಿಸಿದರೆ ಕೂಲಿಗೆ ಹೋಗುವವರೂ ಬರಲು ಆಗುತ್ತದೆ.

– ಒಬ್ಬ ತಾಯಿ, ತುಮಕೂರು ಜಿಲ್ಲೆ