ಕಾಡುಹೂ ಗುರುತಿಸುವ ನಡಿಗೆ ಬೇಕು

ಮಾನ್ಯರೇ,

ಮಳೆಗಾಲದಲ್ಲಿ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತುವವರು ಜಾಸ್ತಿಯಾಗಿದ್ದಾರೆ, ಆದರೆ ದಾರಿಬದಿಯ ಕಾಡುಹೂಗಳ ಗುರುತು ಹೆಚ್ಚಿನವರಿಗೆ ಇಲ್ಲ. ಕಳೆದ ಭಾನುವಾರ ಒಬ್ಬ ಹುಡುಗಿ ಅಗ್ನಿಶಿಖೆ ಹೂವನ್ನು ಕಿತ್ತು ಮುಡಿದುಕೊಂಡಿದ್ದಳು. ಇಲ್ಲಿನವರು ಅದನ್ನು ಕಳಲಾವಿ ಎನ್ನುತ್ತಾರೆ. ಬೆಂಕಿಯ ನಾಲಿಗೆಯಂಥ ಆ ಹೂವು ಚೆಂದವೇನೋ ನಿಜ. ಆದರೆ ಗಿಡದ ಎಲ್ಲ ಭಾಗವೂ ವಿಷ, ಗಡ್ಡೆಯಂತೂ ಪ್ರಾಣಕ್ಕೇ ಕುತ್ತು. ಆಕೆಯ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ.

ಸಹ್ಯಾದ್ರಿಯ ಕಾರವಿ ಎಂಬ ಗಿಡ ಸುಮಾರು ಏಳು ವರ್ಷಕ್ಕೊಮ್ಮೆ ಗುಡ್ಡದ ತುಂಬ ನೇರಳೆಯಾಗಿ ಅರಳಿ, ಬೀಜ ಬಿಟ್ಟು ಸಾಯುತ್ತದೆ. ಫೋಟೊಗೆಂದು ಸುಮ್ನೆ ಒಂದು ಗೊಂಚಲು ಕಿತ್ತರೂ ಅಷ್ಟು ವರ್ಷದ ಬೀಜ ಹೋಯಿತಲ್ವಾ?

ಊರಲ್ಲಿ ನಾವು ಗೌರಿ ಹೂ, ಕರ್ಣಕುಂಡಲ ಎನ್ನುವುದೇ ಇಲ್ಲಿನ ತೇರಡಾ. ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಗೌರಿ ಹಬ್ಬಕ್ಕೆ ಆ ಗಿಡವನ್ನೇ ಗೌರಿಯೆಂದು ಒಳಗೆ ಕರೆಯುತ್ತಾರೆ. ಇದನ್ನು ಹೇಳಿದಾಗ ನನ್ನ ಮೊಮ್ಮಗಳು ದಾರಿಯುದ್ದಕ್ಕೂ ಅದನ್ನೇ ಹುಡುಕುತ್ತಾ ಬಂದಳು.

ಪುಣೆಯ ಕನ್ನಡ ಸಂಘಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದು ಹೂ ಗುರುತಿಸುವ ನಡಿಗೆ ಇಡಲಿ. ಸಸ್ಯಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರು ಜೊತೆಗಿದ್ದರೆ ಸಾಕು. ಹೂ ಕೀಳದೆ, ಅದರ ಎಲೆ ಮತ್ತು ಕಾಂಡದ ಫೋಟೊವನ್ನೂ ತೆಗೆಯಲು ಮಕ್ಕಳಿಗೆ ಕಲಿಸಲಿ. ಎಲೆ ನೋಡದೆ ಹೆಸರು ಹೇಳುವುದು ಕಷ್ಟ. ಆಮೇಲೆ ಕನ್ನಡ, ಮರಾಠಿ ಎರಡೂ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

– ಓರ್ವ ಓದುಗ, ಕೊಥ್ರೂಡ್, ಪುಣೆ