58 ಮಕ್ಕಳು, ಒಂದೇ ಮೈಕ್ರೋಸ್ಕೋಪ್: ನಮ್ಮ ಕಾಲೇಜಿನ ಜೀವಶಾಸ್ತ್ರ ಲ್ಯಾಬಿಗೆ ನಿಮ್ಮ ನೆರವು ಬೇಕು

ನಮ್ಮ ಹಳೆಯ ವಿದ್ಯಾರ್ಥಿಗಳಿಗೆ, ಪೋಷಕರಿಗೆ, ಊರಿನಲ್ಲಿರುವ ಮತ್ತು ಊರು ಬಿಟ್ಟು ದೂರ ಇರುವ ಎಲ್ಲ ಹಿತೈಷಿಗಳಿಗೆ ನಮಸ್ಕಾರ.

ಕಳೆದ ಆಗಸ್ಟಿನಲ್ಲಿ ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಈರುಳ್ಳಿ ಸಿಪ್ಪೆಯ ಸ್ಲೈಡ್ ನೋಡಿ ಚಿತ್ರ ಬರೆದಿದ್ದಳು. ದಪ್ಪ ಕಪ್ಪು ಅಂಚಿನ ಮೂರು ದುಂಡನೆಯ ಉಂಗುರ. ಅದು ಜೀವಕೋಶ ಅಲ್ಲ, ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ (ಕವರ್ ಸ್ಲಿಪ್) ಅಡಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ. ಮೊದಲ ಸಲ ನೋಡುವ ಎಷ್ಟೋ ಮಕ್ಕಳು ಈ ತಪ್ಪು ಮಾಡುತ್ತಾರೆ. ಇನ್ನೊಂದು ಸಲ ನೋಡಿದರೆ ತಾವೇ ತಿದ್ದಿಕೊಳ್ಳುತ್ತಾರೆ. ಅವಳಿಗೆ ಆ ಇನ್ನೊಂದು ಸಲ ಸಿಗಲಿಲ್ಲ. ಹಿಂದೆ ಸಾಲು ನಿಂತಿತ್ತು, ಬೆಲ್ ಹೊಡೆಯಿತು. ಮುಂದಿನ ವಾರ ಪುಸ್ತಕ ನೋಡಿ, ಇಟ್ಟಿಗೆ ಜೋಡಿಸಿದ ಹಾಗೆ ಚಂದದ ಕೋಶಗಳನ್ನು ಬರೆದು ತಂದಳು. ನಾನು ರೆಕಾರ್ಡಿಗೆ ಸಹಿ ಹಾಕಿದೆ.

ನೋಡದೆ ಬರೆದ ಚಿತ್ರಕ್ಕೆ ಹಾಕಿದ ಆ ಸಹಿ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆಡಳಿತ ಮಂಡಳಿಯ ಮುಂದೆ ಈ ವಿಷಯ ಇಟ್ಟಾಗ ಅವರೂ ಒಪ್ಪಿದರು. ಅವರ ಪರವಾಗಿ ಜೀವಶಾಸ್ತ್ರ ಉಪನ್ಯಾಸಕನಾಗಿ ನಾನು ಈ ಮನವಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಈ ವರ್ಷ ಪ್ರಥಮ ಪಿಯುಸಿ ವಿಜ್ಞಾನಕ್ಕೆ 58 ಮಕ್ಕಳಿದ್ದಾರೆ. 29 ಜನರ ಎರಡು ಬ್ಯಾಚ್. ಪ್ರಾಕ್ಟಿಕಲ್ ಎರಡು ಗಂಟೆ. ಕಪಾಟಿನಲ್ಲಿ ಐದು ಮೈಕ್ರೋಸ್ಕೋಪ್ ಇವೆ. ಅವುಗಳಲ್ಲಿ ಸರಿಯಾಗಿ ಕಾಣುವುದು ಒಂದೇ. ಉಳಿದ ನಾಲ್ಕರ ಲೆನ್ಸಿಗೆ ಬೂಷ್ಟು ಹಿಡಿದಿದೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಕಪಾಟಿನಲ್ಲಿಟ್ಟ ಚಪ್ಪಲಿಗೂ, ಬೆಲ್ಟಿಗೂ ಬೂಷ್ಟು ಬರುವ ಊರಿನಲ್ಲಿ ಗಾಜಿಗೆ ಬರದೇ ಇರುತ್ತದೆಯೇ? ಹಾಗಾಗಿ ಒಂದು ಮಗುವಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ನಿಮಿಷ. ಅಷ್ಟರಲ್ಲಿ ಸ್ಲೈಡ್ ಇಡಬೇಕು, ಕನ್ನಡಿ ತಿರುಗಿಸಿ ಬೆಳಕು ಹಿಡಿಯಬೇಕು, ಫೋಕಸ್ ಮಾಡಬೇಕು, ನೋಡಬೇಕು. ಮೋಡದ ದಿನ ಬೆಳಕೂ ಇರುವುದಿಲ್ಲ.

ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ಪಿಯುಸಿಗೆ ಬಂದ ಕೂಡಲೇ ವಿಜ್ಞಾನವೆಲ್ಲ ಇಂಗ್ಲಿಷ್. ಪ್ಲಾಸ್ಮೋಲಿಸಿಸ್, ಎಪಿಡರ್ಮಿಸ್, ಸ್ಟೊಮೇಟಾ ಎಂಬ ಶಬ್ದಗಳು ಮೊದಲ ಎರಡು ತಿಂಗಳು ಅವರ ತಲೆಯ ಮೇಲಿಂದ ಹಾದುಹೋಗುತ್ತವೆ. ಅರ್ಥ ಆಗದ್ದನ್ನು ಬಾಯಿಪಾಠ ಮಾಡುತ್ತಾರೆ. ಲ್ಯಾಬಿನಲ್ಲಿ ಮಾತ್ರ ಬೇರೆಯೇ ಆಗುತ್ತದೆ.

ರಿಯೋ ಗಿಡದ ಎಲೆಯ ಅಡಿಭಾಗ ನೇರಳೆ ಬಣ್ಣ. ಅದರ ತೆಳು ಸಿಪ್ಪೆ ತೆಗೆದು ನೀರಿನಲ್ಲಿಟ್ಟು ನೋಡಿದರೆ ಕೋಶದ ತುಂಬ ನೇರಳೆ. ಅಂಚಿಗೆ ಒಂದು ಹನಿ ಉಪ್ಪುನೀರು ಬಿಟ್ಟು ಕಾದರೆ, ಆ ನೇರಳೆ ಗೋಡೆ ಬಿಟ್ಟು ನಿಧಾನಕ್ಕೆ ನಡುವಿಗೆ ಸರಿದು ಮುದುಡುತ್ತದೆ. ಅದನ್ನು ನೋಡುತ್ತಿದ್ದ ಹುಡುಗ ತಲೆ ಎತ್ತಿ, "ಸಾರ್, ಉಪ್ಪಲ್ಲಿ ಹಾಕಿದ ಮಾವಿನಮಿಡಿ ಸುಕ್ಕುಗಟ್ಟುತ್ತಲ್ಲ, ಅದೇ ಅಲ್ವಾ ಇದು?" ಅಂದ. ಅದೇ! ಭರಣಿಯಲ್ಲಿ ಉಪ್ಪು ಮಿಡಿಯೊಳಗಿನ ನೀರನ್ನು ಎಳೆಯುತ್ತದೆ, ಮಿಡಿ ಸುಕ್ಕಾಗುತ್ತದೆ. ಅವನ ಅಜ್ಜಿ ಪ್ರತಿ ವರ್ಷ ಮಾಡುವ ಕೆಲಸವೇ ಅವನ ಪಠ್ಯದಲ್ಲಿದೆ. ಇನ್ನು ಅವನು ಪ್ಲಾಸ್ಮೋಲಿಸಿಸ್ ಎಂಬ ಆ ಇಂಗ್ಲಿಷ್ ಶಬ್ದವನ್ನು ಮರೆಯುವುದಿಲ್ಲ. ನಾನು ಬೋರ್ಡಿನ ಮೇಲೆ ಒಂದು ಗಂಟೆ ಬರೆದಿದ್ದರೂ ಹೀಗೆ ಆಗುತ್ತಿರಲಿಲ್ಲ.

ಇಂಥವು ಇನ್ನೂ ಎಷ್ಟೋ ಇವೆ. ಕೆನ್ನೆಯ ಒಳಭಾಗವನ್ನು ಟೂತ್‌ಪಿಕ್ಕಿನಿಂದ ಮೆಲ್ಲಗೆ ಕೆರೆದು, ಮಿಥಿಲೀನ್ ಬ್ಲೂ ಹಾಕಿ ನೋಡಿದರೆ ತಮ್ಮದೇ ಬಾಯಿಯ ಕೋಶ, ನಡುವೆ ನೀಲಿ ಚುಕ್ಕೆಯಂಥ ನ್ಯೂಕ್ಲಿಯಸ್. ಗಂಜಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಅದೇ ಗಂಜಿಗೆ ಎಂಜಲು ಬೆರೆಸಿ ಮೈ ಬಿಸಿಯಷ್ಟು ಬೆಚ್ಚಗೆ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಅಯೋಡಿನ್ ಹಾಕಿದರೆ ನೀಲಿ ಬರುವುದೇ ಇಲ್ಲ. ಟ್ಯೂಬನ್ನು ಒಂದೇ ಬಿಸಿಯಲ್ಲಿಡುವ ನೀರಿನ ತೊಟ್ಟಿ, ಅಂದರೆ ವಾಟರ್ ಬಾತ್, ನಮ್ಮಲ್ಲಿ ಇಲ್ಲ. ಮಕ್ಕಳು ಟೆಸ್ಟ್ ಟ್ಯೂಬನ್ನು ಎರಡೂ ಅಂಗೈ ನಡುವೆ ಹಿಡಿದು ಕೂರುತ್ತಾರೆ. ಅವರ ಆ ತಾಳ್ಮೆ ನೋಡಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಕೆಲವರು ಕೇಳುತ್ತಾರೆ: ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಪ್ರಾಕ್ಟಿಕಲ್ ಇಲ್ಲವಲ್ಲ, ಯಾಕೆ ಇಷ್ಟು ಖರ್ಚು? ಕೇಳುವುದು ತಪ್ಪಲ್ಲ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ, ಅದೆಲ್ಲ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಪರೀಕ್ಷೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಪ್ರಾಕ್ಟಿಕಲ್‌ಗೆ 30 ಅಂಕ ಇದ್ದರೂ ಎಷ್ಟೋ ಕಡೆ ಅದು ಸುಮ್ನೆ ಒಂದು ಶಾಸ್ತ್ರ ಆಗಿಬಿಟ್ಟಿದೆ. ಆದರೆ ನಮ್ಮ ಮಕ್ಕಳೆಲ್ಲ ಡಾಕ್ಟರ್ ಆಗುವುದಿಲ್ಲ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಕೃಷಿ ಪದವಿ, ಬಿಎಸ್ಸಿ ಅಂತ ಹೋಗುವವರೇ ಹೆಚ್ಚು. ರಕ್ತದ ಸ್ಲೈಡ್ ನೋಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳಬೇಕಾದ ಕೈಗಳು ಅವು. ಇನ್ನು ಕೆಲವರು ತೋಟಕ್ಕೆ ಮರಳುತ್ತಾರೆ. ಅವರಿಗೂ ಇದು ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಪ್ರತಿ ಮನೆಗೂ ಗೊತ್ತಿರುವ ಕೊಳೆರೋಗವನ್ನೇ ನೋಡಿ. ಆಷಾಢದ ಮಳೆ ಜಡಿ ಹಿಡಿದಾಗ ಎಳೆ ಅಡಕೆ ಕೊಳೆತು ಬುಡಕ್ಕೆ ಉದುರುತ್ತದೆ. ವರ್ಷದ ಬೆಳೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ಔಷಧಿ ಹೊಡೆಸುತ್ತೇವೆ. ಹಿಂದೆ ಅಡಕೆ ಕೊನೆಗೆ (ಗೊನೆಗೆ) ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದೆವು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಈ ರೋಗದ ಬೆನ್ನು ಹತ್ತಿದರು. ಅಡಕೆಗೆ ಈ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮಲ್ಲಿ ನೆಲೆಯಾಗಿದ್ದು ಅವರ ಕೆಲಸದಿಂದ. ಅವರು ಹಿಂಬಾಲಿಸಿದ ಜೀವಿ ಫೈಟಾಫ್ತೊರಾ, ಬೂಷ್ಟಿನಂತೆ ಬೆಳೆಯುವ ಸೂಕ್ಷ್ಮಜೀವಿ.

ಅದನ್ನು ಕಣ್ಣಾರೆ ನೋಡಬಹುದು. ಕೊಳೆ ತಗುಲಿದ ಅಡಕೆಯನ್ನು ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿಟ್ಟರೆ ಮೇಲೆ ಬಿಳಿ ಹತ್ತಿಯಂಥದ್ದು ಬೆಳೆಯುತ್ತದೆ. ಅದರಿಂದ ಒಂದು ಚೂರು ತೆಗೆದು ತಣ್ಣೀರಿನ ಹನಿಯಲ್ಲಿಟ್ಟು ದೊಡ್ಡ ಲೆನ್ಸಿನಲ್ಲಿ ನೋಡಿದರೆ ನಿಂಬೆಹಣ್ಣಿನ ಆಕಾರದ ಪುಟ್ಟ ಚೀಲಗಳು. ತಾಳ್ಮೆಯಿಂದ ಕಾದರೆ, ಅದೃಷ್ಟ ಇದ್ದರೆ, ಆ ಚೀಲ ಒಡೆದು ಒಳಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣವು ಈಜುತ್ತ ಹೊರಬರುತ್ತವೆ. ಹೌದು, ಈಜುತ್ತ. ಅವಕ್ಕೆ ಬಾಲದಂಥ ಎರಡು ಎಳೆ ಇವೆ. ಮಳೆ ಬಿಡದೆ ಸುರಿದಾಗಲೇ ರೋಗ ಯಾಕೆ ಹರಡುತ್ತದೆ, ಮಳೆಗೆ ಮುಂಚೆಯೇ ಔಷಧಿ ಯಾಕೆ ಹೊಡೆಯಬೇಕು, ಕೊಟ್ಟೆ ಕಟ್ಟಿ ಕೊನೆ ಒದ್ದೆಯಾಗದಂತೆ ಯಾಕೆ ಕಾಯುತ್ತಿದ್ದರು ಅನ್ನುವುದಕ್ಕೆಲ್ಲ ಉತ್ತರ ಆ ಒಂದು ಹನಿಯಲ್ಲಿದೆ. ಎರಡು ವರ್ಷದ ಹಿಂದೆ ಇದನ್ನು ಆರೇ ಮಕ್ಕಳಿಗೆ ತೋರಿಸಲು ಆಯಿತು. ಉಳಿದವರ ಸರದಿ ಬರುವಷ್ಟರಲ್ಲಿ ಸ್ಲೈಡ್ ಒಣಗಿತ್ತು.

ಮಂಗನ ಕಾಯಿಲೆಯೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಗೊತ್ತಾದ ಈ ಜ್ವರಕ್ಕೆ ಜಗತ್ತೆಲ್ಲ ಆ ಕಾಡಿನದೇ ಹೆಸರು. ರಕ್ತ ಹೀರುವ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ ಅಂತ ಮಕ್ಕಳಿಗೆ ಗೊತ್ತು. ಆದರೆ ಉಣುಗಿನ ಮರಿಗೆ ಆರು ಕಾಲು, ಬೆಳೆದದ್ದಕ್ಕೆ ಎಂಟು, ಅದು ಕೀಟವೇ ಅಲ್ಲ, ಜೇಡದ ಬಳಗದ್ದು ಅನ್ನುವುದನ್ನು ನೋಡಿದವರು ಕಡಿಮೆ. ಇದನ್ನು ಸಿದ್ಧ ಸ್ಲೈಡಿನಲ್ಲಿ ಮಾತ್ರ ತೋರಿಸುತ್ತೇವೆ. ಕಾಡಿನಿಂದ ಉಣುಗು ಹಿಡಿದು ತರಲೇಬಾರದು ಅಂತ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ.

ಪಶ್ಚಿಮ ಘಟ್ಟ 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಲ್ಲಿನ ಕಪ್ಪೆ, ಹಾವು, ಆರ್ಕಿಡ್ ನೋಡಲು ದೂರದ ಊರುಗಳಿಂದ ಸಂಶೋಧಕರು ಬರುತ್ತಾರೆ. ಈ ಕಾಡಿನ ಅಂಚಿನಲ್ಲೇ ಹುಟ್ಟಿದ ಮಕ್ಕಳಲ್ಲೂ ಅಂಥ ಸಂಶೋಧಕರು ಆಗಬೇಕು ಅನ್ನುವುದು ನನ್ನ ಆಸೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಮೂರು ಕಡೆ ದರ ಕೇಳಿ, ನಡುವಿನದನ್ನು ಹಿಡಿದಿದ್ದೇವೆ. ಎಲ್‌ಇಡಿ ದೀಪ ಇರುವ 12 ಮೈಕ್ರೋಸ್ಕೋಪ್, ಒಂದಕ್ಕೆ 7,500 ರೂಪಾಯಿಯಂತೆ 90,000. ಹೂವು, ಕೀಟ ನೋಡಲು ಒಂದು ಸ್ಟೀರಿಯೋ ಮೈಕ್ರೋಸ್ಕೋಪ್ 18,000. ಸಿದ್ಧ ಸ್ಲೈಡುಗಳ ಸೆಟ್‌ಗೆ 20,000. ಬಣ್ಣ, ರಾಸಾಯನಿಕ, ಗಾಜಿನ ಸಾಮಾನು, ಒಂದು ವಾಟರ್ ಬಾತ್ ಸೇರಿ 22,000. ದೊಡ್ಡ ಖರ್ಚು ಕಟ್ಟಡದ್ದು: ಗ್ರಾನೈಟ್ ಮೇಜು, ಸಿಂಕ್, ನಲ್ಲಿ, ವೈರಿಂಗ್‌ಗೆ 1,10,000. ಒಟ್ಟು 2,60,000 ರೂಪಾಯಿ. ಪೋಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಈಗಾಗಲೇ 84,000 ಕೊಟ್ಟಿದ್ದಾರೆ. ಇನ್ನು ಬೇಕಾಗಿರುವುದು 1,76,000.

ಕಪ್ಪೆ ಕೊಯ್ಯಲು ಒಂದು ರೂಪಾಯಿಯನ್ನೂ ಬಳಸುವುದಿಲ್ಲ. ಹಳೆಯ ಬ್ಯಾಚಿನವರು ಫೋನ್ ಮಾಡಿ ಕೇಳಿದ್ದರಿಂದ ಹೇಳುತ್ತಿದ್ದೇನೆ. ಅಂಗಗಳನ್ನು ಮಾದರಿ ಮತ್ತು ಚಾರ್ಟಿನಿಂದಲೇ ಕಲಿಸುತ್ತೇವೆ.

ಹೊಸ ಲೆನ್ಸಿಗೂ ಬೂಷ್ಟು ಬಂದರೆ ಏನು ಗತಿ ಅಂತ ನೀವು ಕೇಳಬೇಕು. ಅದಕ್ಕೆ ಊರಿನ ಬಡಗಿಯೊಬ್ಬರು ಕೂಲಿ ಇಲ್ಲದೆ ಮುಚ್ಚಿದ ಕಪಾಟು ಮಾಡಿಕೊಡಲು ಒಪ್ಪಿದ್ದಾರೆ. ಒಳಗೆ ಮಳೆಗಾಲ ಪೂರ್ತಿ ಒಂದು ಸಣ್ಣ ಬಲ್ಬ್ ಉರಿಯುತ್ತದೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ಬೆಚ್ಚಗೆ ಒಣಗಿದ ಜಾಗದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಪ್ರತಿ ಶನಿವಾರ ಲೆನ್ಸ್ ಒರೆಸುವ ಜವಾಬ್ದಾರಿ ದ್ವಿತೀಯ ಪಿಯುಸಿ ಮಕ್ಕಳದು.

ಒಂದು ಮೈಕ್ರೋಸ್ಕೋಪಿನ ಪೂರ್ತಿ ಬೆಲೆ ಕೊಡುವವರ ಹೆಸರನ್ನು, ಅಥವಾ ಅವರು ನೆನೆಯುವ ಹಿರಿಯರ ಹೆಸರನ್ನು ಅದರ ಪೆಟ್ಟಿಗೆಯ ಮೇಲೆ ಬರೆಸುತ್ತೇವೆ. ಅಷ್ಟು ಆಗದಿದ್ದರೆ ಬೇಸರ ಬೇಡ. 200 ರೂಪಾಯಿಗೆ ಸ್ಲೈಡು, ಕವರ್ ಸ್ಲಿಪ್ ಬರುತ್ತವೆ, ಅವೂ ಬೇಕೇ ಬೇಕು. ಹಣ ಬೇಡ ಅನ್ನುವವರು ಚೆನ್ನಾಗಿ ಕೆಲಸ ಮಾಡುವ ಹಳೆಯ ಮೈಕ್ರೋಸ್ಕೋಪ್ ಕೊಟ್ಟರೂ ಸಂತೋಷ. ಹಣವನ್ನು ಸಂಸ್ಥೆಯ ಖಾತೆಗೆ ಅಥವಾ ಚೆಕ್ ಮೂಲಕ ಕೊಡಿ. ಖಾತೆಯ ವಿವರ ಕಾಲೇಜು ಕಚೇರಿಯಲ್ಲಿ ಸಿಗುತ್ತದೆ. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ಕೊಂಡ ಸಾಮಾನಿನ ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಮಾನ್ಯತೆ ನಮ್ಮ ಸಂಸ್ಥೆಗೆ ಇನ್ನೂ ಸಿಕ್ಕಿಲ್ಲ, ಇದನ್ನು ಮೊದಲೇ ತಿಳಿಸುವುದು ನಮ್ಮ ಧರ್ಮ.

ಮೇ ಕೊನೆಯೊಳಗೆ ಹಣ ಕೂಡಿದರೆ ಜೂನ್‌ನಲ್ಲಿ ಮೇಜು, ನಲ್ಲಿಯ ಕೆಲಸ ಮುಗಿಯುತ್ತದೆ. ಜುಲೈನಲ್ಲಿ ತೋಟಕ್ಕೆ ಕೊಳೆ ಬರುವ ಹೊತ್ತಿಗೆ ಹನ್ನೆರಡು ಮೈಕ್ರೋಸ್ಕೋಪೂ ಮೇಜಿನ ಮೇಲಿರಬೇಕು ಅನ್ನುವುದು ನಮ್ಮ ಲೆಕ್ಕಾಚಾರ. ಆಗ ದಾನಿಗಳೆಲ್ಲ ಒಂದು ಶನಿವಾರ ಮಧ್ಯಾಹ್ನ ಕಾಲೇಜಿಗೆ ಬನ್ನಿ. ಮಕ್ಕಳೇ ನಿಮಗೆ ಫೋಕಸ್ ಮಾಡಿ ತೋರಿಸುತ್ತಾರೆ. ಬರುವಾಗ ನಿಮ್ಮ ತೋಟದ ಬುಡಕ್ಕೆ ಬಿದ್ದ ಒಂದು ಕೊಳೆ ಅಡಕೆ ತನ್ನಿ.